ಮೀಸೆ ಬಿಟ್ಟ ತಮ್ಮನ ಫೋಟೋ

ನನ್ನ ತಮ್ಮ ಮೀಸೆ ಬಿಟ್ಟದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ. ಫೋನಿನಲ್ಲಿ ಕೇಳಿದ್ದು ಮಾತ್ರ.

ಗುಲ್ವಾಡಿಯಲ್ಲಿ ಹೊಳೆ ಬದಿಯ ಮನೆ ನಮ್ಮದು. ಅಪ್ಪಯ್ಯ ಬೇಗ ಹೋದರು. ಅಮ್ಮ ಹೊಳೆಮೀನು ಮಾರಿ ನಮ್ಮಿಬ್ಬರನ್ನು ದೊಡ್ಡ ಮಾಡಿದಳು. ನಾನು ಹೊಲಿಗೆ ಕಲಿತು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದೆ. ತಮ್ಮ ಹತ್ತನೇ ಕ್ಲಾಸು ಮುಗಿಸಿ, ನಮ್ಮ ಕಡೆಯ ಎಲ್ಲ ಹುಡುಗರ ಹಾಗೆ ಮುಂಬಯಿಯ ಹೋಟೆಲಿಗೆ ಸೇರಿದ. ಅಲ್ಲಿಂದ ಯಾರನ್ನೋ ಹಿಡಿದು ಸರಕಿನ ಹಡಗಿನ ಅಡುಗೆಮನೆ ಹೊಕ್ಕ. ಮನೆಯಲ್ಲಿ ಒಂದು ಲೋಟ ತೊಳೆದವನಲ್ಲ, ಹಡಗಿನಲ್ಲಿ ಯಾರ್ಯಾರಿಗೋ ಬೇಯಿಸಿ ಹಾಕುತ್ತಾನಂತೆ ಎಂದು ನಾನು ಆಡಿಕೊಳ್ಳುತ್ತಿದ್ದೆ.

ಆಗಿನ್ನೂ ಮೊಬೈಲು ಎಲ್ಲರ ಕೈಗೆ ಬಂದಿರಲಿಲ್ಲ. ಕುಂದಾಪುರದಲ್ಲಿ ಮಾತ್ರ ಒಂದೊಂದೇ ಸೈಬರ್ ಕೆಫೆ ಶುರುವಾಗಿತ್ತು. ಹಡಗು ಹತ್ತುವ ಮೊದಲು ತಮ್ಮ ನನ್ನನ್ನು ಅಂಥದ್ದೊಂದಕ್ಕೆ ಕರೆದುಕೊಂಡು ಹೋದ. ಬಟ್ಟೆ ಅಂಗಡಿಯ ಮೇಲಿನ ಮಾಳಿಗೆ, ಕಡಿದಾದ ಮರದ ಮೆಟ್ಟಿಲು. ಸೈಬರಿನ ಯಜಮಾನ ಒಳ್ಳೆಯ ಮನುಷ್ಯ, ಅವಸರ ಮಾಡುವವನಲ್ಲ. ಇಬ್ಬರಿಗೂ ಒಂದೊಂದು ಇ-ಮೇಲ್ ಮಾಡಿಕೊಡಲೇ ಎಂದು ಕೇಳಿದ. ತಮ್ಮ ಬೇಡವೆಂದ. ಮನೆಗೆ ಒಂದು ಸಾಕು, ಅವನು ಯಾವುದಾದರೂ ಬಂದರಿನಲ್ಲಿ ಇಳಿದು ತನ್ನ ವಿಳಾಸಕ್ಕೇ ಬರೆದು ಹಾಕುವುದು, ನಾನು ಇಲ್ಲಿ ಅದನ್ನೇ ತೆರೆದು ಓದುವುದು, ನನ್ನ ಉತ್ತರವನ್ನೂ ಅದರಲ್ಲೇ ಬಿಡುವುದು. ನಮ್ಮೂರಲ್ಲಿ ಹೊರಗೆ ಹೋದವರ ಮನೆಗಳಲ್ಲಿ ಹೆಚ್ಚಾಗಿ ಹೀಗೇ ನಡೆಯುತ್ತಿತ್ತು. ಒಂದೇ ಪೆಟ್ಟಿಗೆ, ಎರಡು ಕಡೆ ಕೀಲಿಕೈ.

ಪಾಸ್‌ವರ್ಡ್ ಇಟ್ಟವನು ತಮ್ಮ. ನನ್ನ ಕಿವಿಯಲ್ಲಿ ಹೇಳಿದ. ಯಾರಿಗೂ ಹೇಳಬಾರದು, ಎಲ್ಲೂ ಬರೆದಿಡಬಾರದು ಎಂದು ಗೋಡೆಗೆ ಒಂದು ಕಾಗದ ಅಂಟಿಸಿದ್ದರು. ನಾನು ಅದನ್ನು ವೇದವಾಕ್ಯ ಮಾಡಿಕೊಂಡೆ. ಮೊದಮೊದಲು ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಿದ್ದೆ. ಇಂಗ್ಲಿಷಿನ ಅಕ್ಷರ, ಮಧ್ಯೆ ಅಂಕಿ, ಅರ್ಥವಿಲ್ಲದ್ದು. ಕೆಲವು ತಿಂಗಳಲ್ಲಿ ಬಾಯಿಪಾಠವೂ ಬೇಡವಾಯಿತು. ಕೀಲಿಮಣೆಯ ಮುಂದೆ ಕೂತರೆ ಬೆರಳೇ ಹೊಡೆದುಬಿಡುತ್ತಿತ್ತು, ಸೂಜಿಗೆ ನೂಲು ಪೋಣಿಸುವಾಗ ಯೋಚನೆ ಮಾಡದ ಹಾಗೆ.

ಶನಿವಾರ ನೂಲು, ಗುಂಡಿ, ಲೈನಿಂಗ್ ತರಲು ಕುಂದಾಪುರಕ್ಕೆ ಹೋದವಳು ಸೈಬರ್ ಹತ್ತಿ ಇಳಿದೇ ಬರುತ್ತಿದ್ದೆ. ತಮ್ಮ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದ. ಅದನ್ನು ಓದುವುದೆಂದರೆ ಸಣ್ಣ ಮೀನಿನ ಮುಳ್ಳು ಆಯ್ದು ತಿಂದ ಹಾಗೆ. ಮನೆಗೆ ಬಂದು ಅಮ್ಮನಿಗೆ ಹೇಳಬೇಕು. ಪ್ರಿಂಟ್ ತೆಗೆಸಿಡೋಣವೇ ಎಂದು ಒಮ್ಮೆ ಯಜಮಾನನೇ ಕೇಳಿದ್ದ. ಅದರೊಳಗೇ ಇರುತ್ತದಲ್ಲ, ಎಲ್ಲಿಗೆ ಹೋಗುತ್ತದೆ ಎಂದೆ. ಅವನೂ ತಲೆಯಾಡಿಸಿದ. ಎಲ್ಲರೂ ಹಾಗೇ ತಿಳಿದಿದ್ದೆವು.

ಆ ವರ್ಷ ಮಳೆ ಹಿಡಿಯುವ ಮೊದಲು ಪಕ್ಕದ ಮನೆಯ ಫೋನಿಗೆ ತಮ್ಮ ಕರೆ ಮಾಡಿದ. ಅಮ್ಮ ಕೈಯ ಮೀನಿನ ನೀರನ್ನು ಸೆರಗಿಗೆ ಒರೆಸಿಕೊಳ್ಳುತ್ತ ಓಡಿದಳು. ನಾನೂ ಹಿಂದೆ ಹೋಗಿ ಕಿವಿ ತಾಗಿಸಿ ನಿಂತೆ.

"ಅಮ್ಮ, ನಾ ಮೀಸೆ ಬಿಟ್ಟಿದೆ. ದಪ್ಪ ಆಯಿದೆ. ಕಂಡ್ರೆ ನಿಂಗೆ ಗುರ್ತೇ ಸಿಕ್ಕುದಿಲ್ಲ."

"ಮೀಸಿಯಾ? ಎಂತಕ್ಕೆ? ನಿನ್ನಪ್ಪಯ್ಯಂಗೇ ಇರ್ಲಿಲ್ಲ."

ಅವನು ನಗಾಡಿದ. ಹಡಗಿನಲ್ಲಿ ಬೇರೆ ದೇಶದವನೊಬ್ಬನ ಹತ್ತಿರ ಕ್ಯಾಮೆರಾ ಉಂಟು, ಅಡುಗೆಮನೆಯಲ್ಲಿ ನಿಲ್ಲಿಸಿ ತುಂಬ ಫೋಟೋ ತೆಗೆದಿದ್ದಾನೆ, ಎಲ್ಲವನ್ನೂ ಇ-ಮೇಲಿಗೆ ಹಾಕಿದ್ದೇನೆ ಎಂದ. "ಶನಿವಾರ ಅಕ್ಕನ ಸಂಗಡ ನೀನೂ ಹೋಗ್. ಓದೂದೆಂತ ಇಲ್ಲ, ಕಾಂಬುದೇ."

ತಮ್ಮ ಊರಿಗೆ ಬಾರದೆ ಮೂರು ವರ್ಷದ ಮೇಲಾಗಿತ್ತು. ಹೋಗುವಾಗ ಕಡ್ಡಿಯ ಹಾಗಿದ್ದ. ಅಮ್ಮ ಆ ದಿನವೆಲ್ಲ ಒಬ್ಬಳೇ ನಗುತ್ತಿದ್ದಳು. ಮೀಸೆಯಂತೆ, ದಪ್ಪವಂತೆ ಎಂದು ಮೀನು ಕೊಳ್ಳುವವರಿಗೆಲ್ಲ ಹೇಳಿದಳು.

ಶನಿವಾರ ಬರುವ ಮೊದಲೇ ಹಡಗು ಮುಂಬಯಿಗೆ ಬಂತು, ತಮ್ಮನಿಗೆ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದ್ದಾರೆ ಎಂಬ ಸುದ್ದಿ, ಹೋದ ಎಂಬ ಸುದ್ದಿ ಒಂದರ ಹಿಂದೆ ಒಂದು ಬಂದವು. ನಾವು ಬಸ್ಸು ಹತ್ತುವಷ್ಟು ಹೊತ್ತೂ ಸಿಗಲಿಲ್ಲ. ಅಲ್ಲಿ ಹೋಟೆಲುಗಳಲ್ಲಿದ್ದ ನಮ್ಮ ಕಡೆಯವರೇ ಎಲ್ಲ ಮುಗಿಸಿ, ಅಸ್ಥಿಯನ್ನೂ ಅವನ ಟ್ರಂಕನ್ನೂ ತಂದುಕೊಟ್ಟರು. ಅಮ್ಮ ಮಗನ ಮುಖ ನೋಡಲಿಲ್ಲ. ಟ್ರಂಕಿನಲ್ಲಿ ಬಟ್ಟೆ, ಪಾಸ್‌ಪೋರ್ಟ್ ಬಿಟ್ಟರೆ ಬೇರೆ ಏನೂ ಇಲ್ಲವೆಂದು ತಂದವರೇ ಹೇಳಿದರು. ಪಾಸ್‌ಪೋರ್ಟಿನ ಫೋಟೋ ಮೀಸೆ ಬರುವ ಮೊದಲಿನದು. ಕ್ಯಾಮೆರಾದವನ ಹೆಸರಾಗಲಿ ದೇಶವಾಗಲಿ ನಮಗೆ ಗೊತ್ತಿರಲಿಲ್ಲ. ಹೀಗೆ, ಆಳಾಗಿ ಬೆಳೆದ ನನ್ನ ತಮ್ಮನ ಮುಖ ಈ ಭೂಮಿಯ ಮೇಲೆ ಎಲ್ಲಾದರೂ ಉಳಿದಿದ್ದರೆ ಅದು ಆ ಇ-ಮೇಲ್ ಪೆಟ್ಟಿಗೆಯೊಳಗೆ ಮಾತ್ರ.

ಸೂತಕ ಕಳೆದ ಮೇಲೆ ನಾನು ಕುಂದಾಪುರಕ್ಕೆ ಹೊರಟೆ. ಅಮ್ಮ ಬಾಗಿಲಲ್ಲಿ ಅಡ್ಡ ನಿಂತಳು.

ನಮ್ಮ ಮನೆಯ ಪದ್ಧತಿ ಹಾಗೆ. ಹೋದವರ ಪೆಟ್ಟಿಗೆಯನ್ನು ವರ್ಷಾಂತಿಕ ಆಗುವವರೆಗೆ ತೆರೆಯುವುದಿಲ್ಲ, ಅವರ ಪಟ ಇದ್ದರೆ ಮುಖವನ್ನು ಗೋಡೆಗೆ ತಿರುಗಿಸಿಡುತ್ತಾರೆ. ಅಪ್ಪಯ್ಯನಿಗೂ ಹಾಗೇ ಮಾಡಿದ್ದರು. ಹೋಗುವ ಜೀವಕ್ಕೆ ಒಂದು ವರ್ಷದ ದಾರಿಯಂತೆ. ಆ ದಾರಿಯಲ್ಲಿ ಇರುವಾಗ ಇಲ್ಲಿಯವರು ಮುಖ ನೋಡಿ ಅತ್ತರೆ ಅದು ಹಿಂದೆ ತಿರುಗಿ ನೋಡುತ್ತದಂತೆ.

"ಅದ್ ಪೆಟ್ಗಿ ಅಲ್ಲ ಅಮ್ಮ, ಕಂಪ್ಯೂಟರ್" ಎಂದೆ.

"ಅವ ಇಟ್ಟದ್ದ್ ಅಲ್ದಾ? ಹಾಂಗಾರೆ ಅವನ ಪೆಟ್ಗಿಯೇ. ನಂಗೆ ಕಾಣ್ಕ್ ಅಂದೇಳಿ ಇಲ್ಲ ಅಂದ್ಕಂಡ್ಯಾ ಹೆಣೆ? ಅವ ತಿರ್ಗಿ ಕಂಡ್ರೆ ಅಲ್ಲೇ ನಿಂತ್ಬಿಡ್ತ. ಹೋಯ್ಲಿ ಅವ. ನೆಟ್ಟಗೆ ಹೋಯ್ಲಿ."

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಊರಿಗೇ ಗೊತ್ತು, ಹೊಲಿಗೆ ಸರಿಯಿಲ್ಲ ಎಂದವರ ರವಿಕೆಯನ್ನು ಅಂಗಳಕ್ಕೆ ಎಸೆದವಳು ನಾನು. ಆದರೆ ಆ ದಿನ ಅಮ್ಮನ ಮುಖ ನೋಡಿದ ಮೇಲೆ ಕೈಚೀಲವನ್ನು ತಿರುಗಿ ಮೊಳೆಗೆ ಸಿಕ್ಕಿಸಿದೆ. ನನಗಿಂತ ನೂರು ಪಾಲು ಆಸೆ ಇದ್ದವಳು ಅವಳು. ಮಗನ ದಾರಿ ತಪ್ಪಬಾರದು ಎಂದು ಹಲ್ಲು ಕಚ್ಚಿ ನಿಂತಿದ್ದಳು. ಅದರ ಮೇಲೆ ನಾನು ಕಾಲಿಟ್ಟು ದಾಟಿ ಹೋಗುವುದು ಹೇಗೆ?

ಆ ವರ್ಷವೆಲ್ಲ ನಾನು ಸೈಬರಿನ ಮೆಟ್ಟಿಲು ಹತ್ತಲಿಲ್ಲ. ನೂಲು ತರಲು ಹೋದಾಗ ಆ ಬಟ್ಟೆ ಅಂಗಡಿಯ ಎದುರು ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದೆ. ಮೇಲೆ ಮಾಳಿಗೆಯಲ್ಲಿ ತಮ್ಮ ಕೂತು ಕಾಯುತ್ತಿದ್ದಾನೆ ಅನ್ನಿಸುತ್ತಿತ್ತು.

ವರ್ಷಾಂತಿಕ ಆಯಿತು. ಬಂದ ನಾಲ್ಕು ನೆಂಟರು ಉಂಡು ಹೋದರು. ಮರುದಿನ ಬೆಳಿಗ್ಗೆ ನಾನು ಏಳುವಾಗ ಅಮ್ಮ ಮಿಂದು, ಕಪಾಟಿನ ಸೀರೆ ಉಟ್ಟು, ಜಗಲಿಯಲ್ಲಿ ಕೂತಿದ್ದಳು. ಕುಂದಾಪುರದ ಗಲ್ಲಿಗಲ್ಲಿ ಬುಟ್ಟಿ ಹೊತ್ತು ತಿರುಗಿದವಳು, ಆ ಮರದ ಮೆಟ್ಟಿಲನ್ನು ಮಾತ್ರ ಗೋಡೆ ಹಿಡಿದು ಹತ್ತಿದಳು. ಯಜಮಾನ ಎದ್ದು ಕುರ್ಚಿ ಕೊಟ್ಟ. ಅಮ್ಮ ಪರದೆಯ ಎದುರು ಕೂತು ಸೆರಗು ಸರಿಮಾಡಿಕೊಂಡಳು. ಯಾರೋ ಮನೆಗೆ ಬರುವವರಿದ್ದಾರೆ ಎನ್ನುವ ಹಾಗೆ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ನಾನು ವಿಳಾಸ ಹೊಡೆದೆ. ಪಾಸ್‌ವರ್ಡಿನ ಜಾಗಕ್ಕೆ ಬಂದೆ. ಬೆರಳು ನಿಂತುಬಿಟ್ಟಿತು.

ಮೊದಲಿನ ಅಕ್ಷರ ಬಂತು. ಆಮೇಲೆ ಏನು? ಅಂಕಿ ಮೊದಲೋ, ಅಕ್ಷರವೋ? ತಪ್ಪು ಎಂದಿತು. ಇನ್ನೊಂದು ಹೊಡೆದೆ, ಅದೂ ತಪ್ಪು. ಕಣ್ಣು ಮುಚ್ಚಿ ಬೆರಳಿನ ಪಾಡಿಗೆ ಬೆರಳನ್ನು ಬಿಟ್ಟು ನೋಡಿದೆ. ಹಾಳು ಬೆರಳು, ವರ್ಷವಿಡೀ ರವಿಕೆ ಹೊಲಿದು ಇದನ್ನು ನುಂಗಿಕೊಂಡಿತ್ತು. ತಮ್ಮ ಕಿವಿಯಲ್ಲಿ ಹೇಳಿದ ಧ್ವನಿ ನೆನಪಿದೆ, ಕಿವಿಗೆ ತಾಗಿದ ಉಸಿರು ನೆನಪಿದೆ, ಹೇಳಿದ್ದು ಮಾತ್ರ ಇಲ್ಲ. ಕೊನೆಗೆ ಅದು ನನಗೆ ಬಾಗಿಲನ್ನೇ ಹಾಕಿತು, ಈಗ ಬೇಡ, ಆಮೇಲೆ ಬನ್ನಿ ಎಂದಿತು. ನಾನು ಅಲ್ಲೇ ಅತ್ತೆ.

"ಅಕ್ಕ, ಮರೆತವರಿಗೆ ಬೇರೆ ದಾರಿ ಉಂಟು" ಎಂದ ಯಜಮಾನ. ತಮ್ಮನ ಹುಟ್ಟಿದ ದಿನ ಕೇಳುತ್ತದೆ, ಒಂದು ಪ್ರಶ್ನೆ ಕೇಳುತ್ತದೆ, ಎರಡೂ ಸರಿಯಾದರೆ ಹೊಸ ಪಾಸ್‌ವರ್ಡ್ ಇಡಬಹುದು. ಹುಟ್ಟಿದ ದಿನ ನನಗೆ ಗೊತ್ತಿತ್ತು, ಶಾಲೆಯ ಸರ್ಟಿಫಿಕೇಟಿನಲ್ಲಿದ್ದದ್ದು. ಹಾಕಿದರೆ ಅದೂ ತಪ್ಪು.

ಅಮ್ಮ ಅಷ್ಟು ಹೊತ್ತಿಗೆ ಬಾಯಿ ಬಿಟ್ಟಳು. "ಎಂತ ದಿನ ಹಾಕಿದೆ?"

ಹೇಳಿದೆ.

"ಅದ್ ಮಾಷ್ಟ್ರ್ ಕೊಟ್ಟ ದಿನ. ನಾ ಹೆತ್ತ ದಿನ ಅಲ್ಲ. ಅವ ಹುಟ್ಟದ್ದ್ ಕೃಷ್ಣಾಷ್ಟಮಿ ಮಾರನೆ ದಿನ, ಹೊಳಿ ಭರ್ತಿ ಇದ್ದಿತ್ತ್."

ನಿಜವೇ. ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮಾಷ್ಟ್ರು ವಯಸ್ಸಿಗೆ ಸರಿಯಾಗುವ ಹಾಗೆ ಒಂದು ತಾರೀಕು ಬರೆದುಕೊಳ್ಳುತ್ತಿದ್ದರು. ನನ್ನ ಕ್ಲಾಸಿನ ಅರ್ಧ ಮಕ್ಕಳು ಮೇ ತಿಂಗಳಲ್ಲೇ ಹುಟ್ಟಿದವರು. ಹಡಗು ಹತ್ತುವ ಮೊದಲೊಮ್ಮೆ ತಮ್ಮನಿಗೆ ಹೆಣ್ಣು ನೋಡೋಣ ಎಂದು ಮಾತಾಡುವಾಗ ಕೋಟೇಶ್ವರದ ಜೋಯಿಸರು ಅಮ್ಮ ಹೇಳಿದ ದಿನದ ಮೇಲೆಯೇ ಜಾತಕ ಬರೆದಿದ್ದರು. ಅವರ ಮನೆಗೆ ಹೋದೆವು. ಹಳೆಯ ಪಂಚಾಂಗ ತೆಗೆದು ತಾರೀಕು ಹೇಳಿದರು. ದಾನಕ್ಕೋ, ಶ್ರಾದ್ಧಕ್ಕೋ ಎಂದು ಕೇಳಿದರು. ಇದಕ್ಕೆ ಹೆಸರು ಏನು ಹೇಳಲಿ, ಸುಮ್ಮನೆ ಎಂದೆ.

ಮುಂದಿನ ಶನಿವಾರ ಮತ್ತೆ ಇಬ್ಬರೂ ಮೆಟ್ಟಿಲು ಹತ್ತಿದೆವು. ಜೋಯಿಸರು ಕೊಟ್ಟ ತಾರೀಕನ್ನು ಅದು ಒಪ್ಪಿತು. ಹಡಗಿನ ಕಾಗದಗಳಿಗೆಲ್ಲ ಮಾಷ್ಟ್ರ ದಿನ ಕೊಟ್ಟಿದ್ದವನು ಇಲ್ಲಿ ಮಾತ್ರ ಅಮ್ಮನ ದಿನ ಹಾಕಿದ್ದ. ಆಮೇಲೆ ಪ್ರಶ್ನೆ ಬಂತು, ತಾಯಿ ಹುಟ್ಟಿದ ಊರು ಯಾವುದು ಎಂದು.

"ನನ್ನ ಊರ್ ಕಟ್ಕಂಡ್ ಅದಕ್ಕೆ ಎಂತ ಆಯ್ಕ್?" ಎಂದಳು ಅಮ್ಮ. ಆದರೆ ಮುಖ ಅರಳಿತು. ಬೈಂದೂರು ಎಂದು ಹೊಡೆದೆ. ಬಾಗಿಲು ತೆರೆಯಿತು.

ಹೊಸ ಪಾಸ್‌ವರ್ಡ್ ಇಡುವುದನ್ನು ಯಜಮಾನನೇ ಮಾಡಿಕೊಟ್ಟ. ಆಗಲೇ ಅಮ್ಮನಿಗೆ ಕೆಮ್ಮು ಬಂತು, ನೀರು ಕುಡಿಯಲು ಬಾಗಿಲ ಹತ್ತಿರದ ಬೆಂಚಿಗೆ ಹೋಗಿ ಕೂತಳು. ದೇವರ ದಯೆ ಅದು.

ಪುಟ ತೆರೆಯಿತು. ಒಳಗೆ ಒಂದೇ ಒಂದು ಮೇಲ್ ಇತ್ತು, ಕಂಪನಿಯದು, ನಿಮಗೆ ಮತ್ತೆ ಸ್ವಾಗತ ಎಂದು. ಬೇರೆ ಏನೂ ಇಲ್ಲ. ಫೋಟೋ ಇಲ್ಲ. ಅವನ ಹಳೆಯ ಪತ್ರಗಳು, ನಾನು ಬಿಟ್ಟಿದ್ದ ಉತ್ತರಗಳು, ಯಾವುದೂ ಇಲ್ಲ. ನಾನು ಮೇಲೆ ಕೆಳಗೆ ಎಲ್ಲ ಒತ್ತಿದೆ. ಯಜಮಾನ ನನ್ನ ಕೈಯಿಂದ ಮೌಸ್ ತೆಗೆದುಕೊಂಡು ತಾನೂ ಹುಡುಕಿದ. ಆಮೇಲೆ ಧ್ವನಿ ಇಳಿಸಿ ಹೇಳಿದ.

"ಅಕ್ಕ, ಕೆಲವು ತಿಂಗಳು ತೆರೀದೆ ಬಿಟ್ರೆ ಕಂಪನಿಯವ್ರು ಎಲ್ಲ ಅಳಿಸಿ ಹಾಕ್ತ್ರ್. ನಂಗೂ ಈಗೀಗ್ಲೇ ಗೊತ್ತಾದ್ದ್. ಮಧ್ಯೆ ಒಂದ್ ಸಲ ತೆರ್ದಿದ್ರೆ ಸಾಕಿತ್ತ್."

ತಮ್ಮ ಮೀಸೆ ಬಿಟ್ಟುಕೊಂಡು ಅದರೊಳಗೆ ತಿಂಗಳುಗಟ್ಟಲೆ ನಿಂತಿದ್ದ. ನಾವು ಅವನ ದಾರಿ ಕಾಯುತ್ತಿದ್ದೇವೆ ಎಂದುಕೊಂಡು ಇಲ್ಲಿ ಕೂತಿದ್ದೆವು. ಯಾರನ್ನು ಬಯ್ಯಲಿ? ಮುಖವಿಲ್ಲದ ಆ ಕಂಪನಿಯನ್ನು ಮನಸ್ಸಿನಲ್ಲೇ ಬಯ್ದೆ.

ಹಿಂದೆ ತಿರುಗಿ ನೋಡಿದೆ. ಅಮ್ಮ ಬೆಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಈಗ ಹೋಗಿ ಏನು ಹೇಳುವುದು? ನೀನು ಬೇಡ ಎಂದದ್ದಕ್ಕೇ ಹೋಯಿತು ಎಂದು ಹೇಳಲೇ? ಅದನ್ನು ಹೇಳುವ ಬಾಯಿ ನನಗೆ ಇರಲಿಲ್ಲ. ಯಜಮಾನನಿಗೆ ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿ ಎದ್ದೆ.

"ಅವ ಹಾಕ್ಲೇ ಇಲ್ಲ ಅಮ್ಮ" ಎಂದೆ. "ಫೋಟೋ ಇಲ್ಲ. ಜ್ವರದಲ್ಲಿ ಹಾಕಿದೆ ಅಂದ್ಕಂಡಿರ್ಕ್."

ಅಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಎದ್ದಳು, ಗೋಡೆ ಹಿಡಿದು ಮೆಟ್ಟಿಲು ಇಳಿದಳು. ಬಸ್ಸು ಹತ್ತಿದೆವು. ಇಲ್ಲದ ತಪ್ಪನ್ನು ಸತ್ತವನ ತಲೆಗೆ ಕಟ್ಟಿದೆನಲ್ಲ ಎಂದು ನನಗೆ ಒಳಗೇ ಸಂಕಟ. ಮಗ ಮಾತು ಕೊಟ್ಟು ತಪ್ಪಿದ ಎಂದು ಅಮ್ಮ ಕೊರಗಿದರೆ ಏನು ಮಾಡಲಿ, ನಿಜ ಹೇಳಿಬಿಡಲೇ ಎಂದು ಒದ್ದಾಡುತ್ತ ಅವಳ ಪಕ್ಕದಲ್ಲಿ ಕೂತಿದ್ದೆ.

ಬಸ್ಸು ಪೇಟೆ ದಾಟಿದ ಮೇಲೆ ಅಮ್ಮ ನನ್ನ ಕೈ ಮೇಲೆ ಕೈ ಇಟ್ಟಳು.

"ಹಾಕ್ದೇ ಇದ್ದದ್ದೇ ಒಳ್ಳೇದಾಯ್ತ್ ಹೆಣೆ" ಎಂದಳು. "ಹಾಕಿದ್ದಿದ್ರೆ, ಒಂದ್ ವರ್ಷ ಅವನ ಮುಖ ಕಾಣ್ದೆ ಬಿಟ್ಟೆ ಅಂಬ ಸಂಕ್ಟ ನಂಗೆ ಸಾಯುವರಿಗೂ ಇರ್ತಿತ್ತ್."

ನಾನು ಹೌದು ಎಂದೆ.