ಹಿತ್ತಲಿಗೆ ಬಿದ್ದ ಕಾಯಿ

ಈಗಲೂ ಹಿತ್ತಲಿಗೆ ಕಾಲಿಡುವ ಮೊದಲು ನಾನು ಮೇಲೆ ನೋಡುತ್ತೇನೆ. ಕೈಯಲ್ಲಿ ಬಕೆಟ್ ಇರಲಿ, ಕಿವಿಯಲ್ಲಿ ಫೋನ್ ಇರಲಿ, ತಾರಸಿಯ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿಕೊಂಡೇ ಹೆಜ್ಜೆ. ಅಲ್ಲಿ ಈಗ ಏನೂ ಇಲ್ಲ. ಗೊತ್ತಿದ್ದೂ ನೋಡುತ್ತೇನೆ.

ತುಮಕೂರಿನ ಈ ಮನೆಗೆ ಬಂದು ಮೂರು ವರ್ಷ. ಹಿರೇಹಳ್ಳಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ಕೆಳಗಡೆ ಹಿಂಭಾಗದ ಒಂದು ರೂಮು ನನ್ನದು; ಮುಂಭಾಗದಲ್ಲಿ ಓನರ್ ಅಂಕಲ್ ಮತ್ತು ಆಂಟಿ. ಮೇಲಿನ ಮನೆಯಲ್ಲಿ ಕುಣಿಗಲ್ ಕಡೆಯ ಗಂಡ ಹೆಂಡತಿ, ಅವರ ಐದು ತಿಂಗಳ ಮಗು. ಗಂಡ ಗೂಡ್ಸ್ ಆಟೊ ಓಡಿಸುತ್ತಾನೆ. ಅವರ ತಲೆಯ ಮೇಲೆ ತಾರಸಿ, ತಾರಸಿಯ ತಗಡಿನ ಶೆಡ್ಡಿನಲ್ಲಿ ಆಗ ಅಂಕಲ್‌ರ ತೆಂಗಿನಕಾಯಿ.

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದು ಹೀಗೆ: ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮುಟ್ಟದೆ ಬಿಡುವುದು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗುತ್ತದೆ. ಅಂಕಲ್‌ರ ತೋಟ ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಬಳಿ. ಅಲ್ಲಿನ ಮನೆಯ ಅಟ್ಟದಿಂದ ಒಮ್ಮೆ ಕಾಯಿ ಕಳುವಾದ ಮೇಲೆ, ಕಣ್ಣೆದುರಿಗೇ ಇರಲಿ ಎಂದು ಎಲ್ಲವನ್ನೂ ಇಲ್ಲಿಗೆ ತಂದು ತಾರಸಿ ತುಂಬಿಸಿದ್ದರು. ಹಳ್ಳಿಯ ಅಟ್ಟ ಹೊರುವ ಭಾರವನ್ನು ಈ ಹಳೇ ಮೋಲ್ಡು ತಾರಸಿ ಹೊರುತ್ತದೆಯೇ ಎಂದು ಅವರು ಯೋಚಿಸಲಿಲ್ಲ.

"ಬಾಗ್ಲು ಮೆಲ್ಲಗೆ ಹಾಕಮ್ಮ, ಮೇಲೆ ಕಾಯಿ ಮಲಗವೆ" ಎಂದು ಅಂಕಲ್ ಕೆಳಗಿನಿಂದಲೇ ಕೂಗುತ್ತಿದ್ದರು.

"ಇಲ್ಲಿ ಮಗೂನೂ ಮಲಗೈತೆ ಅಂಕಲ್, ಕೂಗ್ಬೇಡಿ" ಎಂದು ಮೇಲಿನ ಮನೆಯಾಕೆ ಅಷ್ಟೇ ಜೋರಾಗಿ ಉತ್ತರಿಸುತ್ತಿದ್ದಳು. ನಾನು ನನ್ನ ರೂಮಿನಲ್ಲಿ ನಗುತ್ತಿದ್ದೆ. ಆಮೇಲೆ ಅವಳ ಮನೆಯ ಮೇಲ್ಚಾವಣಿ ಬಿರುಕು ಬಿಟ್ಟಿತು. ಮೂರು ಸಲ ಬಂದು ಹೇಳಿದಳು. ಮೂರು ಸಲವೂ ಬಂದ ಉತ್ತರ ಒಂದೇ: ಎಂಟು ತಿಂಗಳಾಗಿದೆ, ಈಗ ಕಾಯಿ ಅಲ್ಲಾಡಿಸುವ ಹಾಗಿಲ್ಲ.

ಒಂದು ಭಾನುವಾರ ಬೆಳಿಗ್ಗೆ ತಟ್ಟೆಯಗಲದ ಗಾರೆ ಚಕ್ಕೆ ಕಳಚಿ ತೊಟ್ಟಿಲೊಳಗೆ ಬಿತ್ತು. ಮಗು ಆಗ ತಾಯಿಯ ಕಾಲ ಮೇಲೆ ಮಲಗಿ ಎಣ್ಣೆ ಹಚ್ಚಿಸಿಕೊಳ್ಳುತ್ತಿತ್ತು. ತೊಟ್ಟಿಲು ಖಾಲಿ ಇತ್ತು.

ಆ ಸದ್ದು ನನಗೆ ಕೇಳಿಸಲಿಲ್ಲ. ಕೇಳಿಸಿದ್ದು ಶೆಡ್ಡಿನ ಬೀಗ ಒಡೆಯುವ ಸದ್ದು. ಬಾಗಿಲಿಗೆ ಬಂದೆ. ಮೇಲಿಂದ ಮೊದಲ ಕಾಯಿ ಬಂದು ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ನನ್ನತ್ತ ಪುಟಿಯಿತು. ಎರಡನೆಯದು ಗೋಡೆಗೆ ಬಡಿಯಿತು. ಮೂರನೆಯದನ್ನು ಹಿಡಿದು ಮೇಲಿನ ಮನೆಯ ಆಟೊದವನು ಅಂಚಿಗೆ ಬಂದಾಗ, ಮನೆ ಪಕ್ಕದ ಓಣಿಯಿಂದ ಆಂಟಿ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಬಂದರು. ಕಿವಿ ಸ್ವಲ್ಪ ಮಂದ, ಏನೂ ಗೊತ್ತಿರಲಿಲ್ಲ. "ಆಂಟೀ!" ಎಂದು ಕೂಗಿದೆ. ಅವರು ನಿಂತು, ಏನಮ್ಮ ಎನ್ನುವಂತೆ ನನ್ನ ಕಡೆ ನೋಡಿದರು. ಕಾಯಿ ಬಕೆಟ್ಟಿಗೆ ಬಿತ್ತು. ಬಕೆಟ್ ಒಡೆದು ಚೂರಾಯಿತು. ಹಿಡಿಕೆ ಮಾತ್ರ ಅವರ ಕೈಯಲ್ಲಿ ಉಳಿಯಿತು.

ಆಮೇಲಿನ ದಿನಗಳಲ್ಲಿ ನಾನು ಹಿತ್ತಲನ್ನು ಟೇಪು ಹಿಡಿದು ಅಳೆದೆ. ಲ್ಯಾಬಿನವಳ ಬುದ್ಧಿ. ಆಂಟಿಯ ಹೆಜ್ಜೆ ಎಷ್ಟುದ್ದ, ಕಾಯಿ ಬೀಳಲು ಎಷ್ಟು ಹೊತ್ತು. ನಾನು ಕೂಗಿರದಿದ್ದರೆ ಅವರು ದಾಟಿಹೋಗಿರುತ್ತಿದ್ದರೋ? ಅಥವಾ ಕೂಗಿದ್ದಕ್ಕೇ ಒಂದು ಗೇಣಿನಲ್ಲಿ ಉಳಿದರೋ? ಒಂದು ಸಲ ಒಂದು ಉತ್ತರ ಬರುತ್ತಿತ್ತು, ಇನ್ನೊಂದು ಸಲ ಇನ್ನೊಂದು. ಬಸ್ಸಿನಲ್ಲಿ ಕೂತರೂ ಆ ಹಿಡಿಕೆ ಕಣ್ಣಿಗೆ ಬರುತ್ತಿತ್ತು.

ಅಂಕಲ್ ದೂರು ಬರೆದು ಜೇಬಿನಲ್ಲಿಟ್ಟುಕೊಂಡಿದ್ದರು. 'ನನ್ನ ಹೆಂಡತಿಯನ್ನು ಕೊಲ್ಲುವ ಉದ್ದೇಶದಿಂದ, ನೋಡಿಕೊಂಡೇ ಎಸೆದಿರುತ್ತಾನೆ' ಎಂದಿತ್ತು. ಕೊನೆಯಲ್ಲಿ ಸಾಕ್ಷಿಯ ಸಹಿಗೆ ಜಾಗ.

"ನೋಡ್ದೋಳು ನೀನೊಬ್ಳೇ. ಒಂದು ಸೈನ್ ಹಾಕು. ಒಳಗೆ ಹೋಗ್ತಾನೆ, ಮನೇನೂ ಖಾಲಿಯಾಗುತ್ತೆ."

ಸಹಿ ಹಾಕಿದರೆ ಆ ಮಗು ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಹಾಕದಿದ್ದರೆ ಆಂಟಿಯ ಮುಖ ಹೇಗೆ ನೋಡಲಿ ಎಂಬುದೂ ಗೊತ್ತಿರಲಿಲ್ಲ. ಎರಡು ದಿನ ಕೊಡಿ ಎಂದೆ. ಗುಬ್ಬಿಯಲ್ಲಿ ಡಿಗ್ರಿ ಓದುವಾಗ ನಮಗೆ ಪಾಠ ಮಾಡಿದ್ದ ಮೇಡಂಗೆ ಫೋನ್ ಮಾಡಿದೆ. ನಿವೃತ್ತಿಯಾದ ಮೇಲೆ ಅವರು ಅಕ್ಕಪಕ್ಕದವರ ಜಗಳಗಳನ್ನು ಕೂರಿಸಿ ಮಾತಾಡಿಸುತ್ತಾರೆ. ಪುಸ್ತಕದಲ್ಲಿ ಅದಕ್ಕೆ ಪುನಃಸ್ಥಾಪಕ ನ್ಯಾಯ ಎಂದು ಹೆಸರು. ಮೇಡಂ ಮಾತ್ರ ಕೆಟ್ಟದ್ದನ್ನು ಸರಿಮಾಡೋ ನ್ಯಾಯ ಎನ್ನುತ್ತಾರೆ. ಹಾಗೆ ಕೂತು ಮಾತಾಡಲು ಅಂಕಲ್ ಮೊದಲು ಒಪ್ಪಲಿಲ್ಲ. "ಸ್ಟೇಷನ್ ಮೆಟ್ಲು ನಾನ್ ಹತ್ತಲ್ಲ, ಏನಿದ್ರೂ ಇಲ್ಲೇ ಆಗ್ಲಿ" ಎಂದು ಆಂಟಿ ಹೇಳಿದ ಮೇಲೆ ಒಪ್ಪಿಕೊಂಡರು.

ಶನಿವಾರ ಮಧ್ಯಾಹ್ನ ಅಂಕಲ್‌ರ ಹಾಲಿನಲ್ಲಿ ಚಾಪೆ ಹಾಸಿ ಸುತ್ತ ಕೂತೆವು. ಕೈಯಲ್ಲಿ ವಸ್ತು ಹಿಡಿದವರು ಮಾತ್ರ ಮಾತಾಡಬೇಕು, ಇಲ್ಲಿ ಆಡಿದ್ದನ್ನು ಸ್ಟೇಷನ್ನಿಗೆ ಒಯ್ಯಬಾರದು ಎಂದು ಮೇಡಂ ಎಲ್ಲರಿಂದ ಒಪ್ಪಿಗೆ ಪಡೆದರು. ಆ ವಸ್ತುವನ್ನೇ ತರಲು ಮರೆತಿದ್ದರು. ಬ್ಯಾಗೆಲ್ಲ ತಡಕಿ ಕೊನೆಗೆ ಕನ್ನಡಕದ ಪೆಟ್ಟಿಗೆ ತೆಗೆದರು.

"ತಪ್ಪು ಯಾರದು ಅಂತ ನಾನು ಕೇಳಲ್ಲ. ಯಾರಿಗೆ ಏನು ನೋವಾಯ್ತು, ಏನಾದ್ರೆ ಸರಿಹೋಗುತ್ತೆ, ಅಷ್ಟು ಹೇಳಿ."

"ತಪ್ಪು ಕೇಳ್ದೆ ಇರೋದು ಎಂಥಾ ಪಂಚಾಯ್ತಿ ಮೇಡಂ?" ಎಂದರು ಅಂಕಲ್. ಪೆಟ್ಟಿಗೆ ಹಿಡಿದು ಕಳ್ಳರ ಬಗ್ಗೆ, ತೋಟದ ಬಗ್ಗೆ ಬಹಳ ಹೊತ್ತು ಹೇಳಿದರು. ಕೊನೆಗೆ ಬಕೆಟ್ಟಿನ ಮಾತಿಗೆ ಬಂದರು. "ಒಂದ್ ಗೇಣು ಈಚೆ ಬಿದ್ದಿದ್ರೆ ನಾನ್ ಒಬ್ನೇ ಆಗ್ತಿದ್ದೆ."

ಮೇಲಿನ ಮನೆಯಾಕೆ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಮಾತಾಡಿದಳು. "ನಿಮ್ ಕಾಯಿ ಅಲ್ಲಾಡ್ಬಾರ್ದು. ನಮ್ ಮಗ ಮಾತ್ರ ತೊಟ್ಲು ಬುಟ್ಟು ಓಡಾಡ್ಬೇಕಾ?"

ಪೆಟ್ಟಿಗೆ ನನ್ನ ಕೈಗೆ ಬಂತು. ಅವನ ಕೈಯಲ್ಲಿ ಕಾಯಿ ಇದ್ದದ್ದು ನೋಡಿದೆ, ಕಣ್ಣು ಎಲ್ಲಿತ್ತೋ ಗೊತ್ತಿಲ್ಲ ಎಂದೆ. ಆಂಟಿ ಅಲ್ಲಿ ನಿಂತದ್ದು ನಾನು ಕೂಗಿದ್ದರಿಂದ ಎಂಬುದನ್ನೂ ಹೇಳಿದೆ. ಅದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಆಂಟಿ ನನ್ನ ಕಡೆ ನೋಡಿದರು. ಆ ನೋಟದ ಅರ್ಥ ನನಗೆ ಆಗಲಿಲ್ಲ.

ಆಟೊದವನು ಪೆಟ್ಟಿಗೆಯನ್ನು ಮುಚ್ಚಿ ತೆರೆದು ಮಾಡುತ್ತಿದ್ದ.

"ಕಂಡ್ರು ಮೇಡಂ" ಎಂದ.

"ರೀ!" ಎಂದಳು ಹೆಂಡತಿ. ಮೇಡಂ ಕೈ ಎತ್ತಿ ತಡೆದರು.

"ಸೀರೆ ಕಂಡ್ತು. ಅಮ್ಮಾರು ಅಂತ್ಲೂ ಗೊತ್ತಾಯ್ತು. ಕೈ ಆಗ್ಲೇ ಬಿಟ್ಟಿತ್ತು ಅನ್ಬೋದು. ಬಿಟ್ಟಿರ್ಲಿಲ್ಲ. ಸಾಯಿಸ್ಬೇಕು ಅಂತ ದೇವ್ರಾಣೆ ಇರ್ಲಿಲ್ಲ. ನಾನ್ ತೊಟ್ಲು ನೋಡಿ ಹೆದರ್ದಂಗೆ ನೀವೂ ಒಂದ್ಸಲ ಹೆದರ್ಬೇಕು ಅಂತ ಇತ್ತು. ಅಷ್ಟೆತ್ತರದಿಂದ ಪಕ್ಕಕ್ಕೆ ಇಟ್ಟ ಗುರಿ ತಪ್ಪಲ್ಲ ಅಂತ ನಂಗ್ಯಾರ್ ಹೇಳಿದ್ರು? ಮಗೀಗೆ ಹಾಲು ಕುಡಿಸೋವಾಗ್ಲೂ ಅದೇ ಕಣ್ಮುಂದೆ ಬತ್ತದೆ."

ಅಂಕಲ್ ಎದ್ದು ನಿಂತರು. "ಕೇಳ್ಸ್ಕೊಂಡ್ರಾ? ಅವ್ನೇ ಒಪ್ಕೊಂಡ! ಸೈನ್ ಹಾಕಮ್ಮ ನೀನು!"

"ಕೂತ್ಕೊಳ್ರೀ" ಎಂದರು ಆಂಟಿ. "ಪೆಟ್ಗೆ ನನ್ ಕೈಗಿನ್ನೂ ಬಂದಿಲ್ಲ."

ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಆಂಟಿ ಮಾತಾಡಿದರು. "ಆರು ದಿನದಿಂದ ಹಾಲಲ್ಲೇ ಬಟ್ಟೆ ಒಣಗಾಕ್ತಿದೀನಿ. ನಮ್ಮನೆ ಹಿತ್ಲನ್ನ ನಾನೇ ಕಳ್ಳಿ ಥರ ಇಣುಕಿ ನೋಡ್ತೀನಿ. ಇವನ್ನ ಒಳಗಾಕ್ಸಿದ್ರೆ ಅದು ಹೋಗುತ್ತಾ? ಇನ್ನೊಬ್ರು ಬರ್ತಾರೆ, ಆಗ್ಲೂ ಮೇಲೇ ನೋಡ್ತೀನಿ." ಮೇಲಿನ ಮನೆಯಾಕೆಯ ಕಡೆ ತಿರುಗಿದರು. "ಬಿರುಕು ಬಂದೈತೆ ಅಂತ ನೀನು ಮೂರ್ಸಲ ಬಂದೆ. ಕಾಯಿ ಅಲ್ಲಾಡ್ಸಂಗಿಲ್ಲ ಅಂತ ಇವರ ಮಾತನ್ನೇ ನಾನೂ ಹೇಳಿ ಕಳಿಸ್ದೆ. ಮೇಲೆ ಬಂದು ಒಂದ್ಸಲ ನೋಡ್ಲಿಲ್ಲ ಕಣವ್ವಾ."

ಕಾಯಿ ಇಳಿಯಬೇಕು ಎಂಬಲ್ಲಿಗೆ ಮಾತು ಬಂತು. ಎಂಟು ತಿಂಗಳು ಮಲಗಿದ್ದನ್ನು ಎಬ್ಬಿಸಿದರೆ ಅರ್ಧ ಕೆಡುತ್ತವೆ ಎಂದರು ಅಂಕಲ್. "ಕೆಟ್ರೂ ಸರಿ ಅಂತೀರಾ, ಬೇಡ ಅಂತೀರಾ? ಅದನ್ನ ನಾನು ಹೇಳಕ್ಕಾಗಲ್ಲ" ಎಂದರು ಮೇಡಂ. ಅಂಕಲ್ ಮಗುವನ್ನು ನೋಡಿದರು, ಸೂರು ನೋಡಿದರು. "ನಿಟ್ಟೂರಿಗೇ ಸಾಗ್ಸಿ" ಎಂದರು. ಕಾಯಿಯನ್ನು ತನ್ನ ಆಟೊದಲ್ಲೇ ಸಾಗಿಸುವುದಾಗಿ ಅವನು ಒಪ್ಪಿದ. ಗಾರೆ ಸರಿಮಾಡುವವರೆಗೆ ತಾಯಿ ಮಗು ಕೆಳಗೆ ಇದೇ ಹಾಲಿನಲ್ಲಿ ಮಲಗಲಿ ಎಂದು ಆಂಟಿ ಹೇಳಿದರು. ಮನೆ ಖಾಲಿ ಮಾಡುವ ಮಾತು ನಿಂತಿತು. ಅಂಕಲ್ ದೂರನ್ನು ಹರಿಯಲಿಲ್ಲ. ಮಡಚಿ ಟೀವಿಯ ಕೆಳಗಿಟ್ಟರು. ಬಾಡಿಗೆ ಕೊಡಲು ಹೋದಾಗ ಅದರ ಅಂಚು ನನಗೆ ಈಗಲೂ ಕಾಣುತ್ತದೆ.

ಮಾರನೆಯ ದಿನ ಶೆಡ್ಡಿನಿಂದ ಆಟೊದವರೆಗೆ ಮೆಟ್ಟಿಲುದ್ದಕ್ಕೂ ನಿಂತು ಒಬ್ಬರ ಕೈಯಿಂದ ಒಬ್ಬರ ಕೈಗೆ ಕಾಯಿ ದಾಟಿಸಿದೆವು. ಯಾರೂ ಎಸೆಯಲಿಲ್ಲ. ಅಂಕಲ್ ಪ್ರತಿ ಕಾಯಿಯನ್ನೂ ಕಿವಿಯ ಬಳಿ ಹಿಡಿದು, ಒಳಗಿನ ನೀರು ಎಷ್ಟು ಇಂಗಿದೆ ಎಂದು ಕೇಳಿಯೇ ಮುಂದೆ ಕೊಡುತ್ತಿದ್ದರು. "ಕಾಯಿ ಫೋನ್ ಮಾಡ್ತಾವಾ ಅಂಕಲ್?" ಎಂದಳು ಮೇಲಿನ ಮನೆಯಾಕೆ. ಅವರು ಮುಂದಿನ ಕಾಯಿಯನ್ನು ಕಿವಿಗೆ ಹಿಡಿದರು.

ಶೆಡ್ ಖಾಲಿಯಾದ ಮೇಲೆ ಆಂಟಿ ಹೊಸ ಬಕೆಟ್ಟಿನಲ್ಲಿ ಬಟ್ಟೆ ತುಂಬಿಕೊಂಡು ಓಣಿಯ ತುದಿಯಲ್ಲಿ ನಿಂತರು. "ಲೋ ಅಪ್ಪಾ, ಅವತ್ತು ನಿಂತಿದ್ದ ಜಾಗದಲ್ಲೇ ಹೋಗಿ ನಿಂತ್ಕೋ" ಎಂದರು. ಅವನು ತಾರಸಿಗೆ ಹೋಗಿ ಅಂಚಿನಲ್ಲಿ ನಿಂತ. ನಾನು ಬಾಗಿಲಲ್ಲಿದ್ದೆ, ಅದೇ ಬಾಗಿಲು. ಆಂಟಿ ನಡೆದರು. ಕೂಗು ಗಂಟಲಿಗೆ ಬಂತು. ಹಲ್ಲು ಕಚ್ಚಿ ಹಿಡಿದೆ. ಬಕೆಟ್ ಒಡೆದಿದ್ದ ಜಾಗಕ್ಕೆ ಬಂದು, ಯಾರೂ ಕೂಗದೆಯೇ ಅವರು ನಿಂತರು. ತಲೆ ಎತ್ತಿದರು.

"ಕೈ ತೋರ್ಸು."

ಅವನು ಎರಡೂ ಕೈ ಮುಂದೆ ಚಾಚಿದ. ಖಾಲಿ ಕೈ.

"ಹೂಂ, ಹಂಗೇ ಇರ್ಲಿ" ಎಂದು ಆಂಟಿ ತಂತಿಯವರೆಗೆ ಹೋಗಿ, ಒಂದೊಂದೇ ಬಟ್ಟೆ ಕೊಡವಿ ಒಣಹಾಕಿದರು. ಕೊನೆಯ ಬಟ್ಟೆಗೆ ಕ್ಲಿಪ್ ಹಾಕುವವರೆಗೂ ಅವನು ಕೈ ಇಳಿಸಲಿಲ್ಲ.

ಈಗ ಆಂಟಿ ಮೇಲೆ ನೋಡದೆ ಹಿತ್ತಲಿಗೆ ಹೋಗುತ್ತಾರೆ. ನಾನು ಇನ್ನೂ ನೋಡುತ್ತೇನೆ. ಮೊನ್ನೆ ಅದನ್ನು ಗಮನಿಸಿ, "ನಿಂಗೂ ಅವ್ನ ಕೈ ತೋರ್ಸ್ಬೇಕೇನೇ?" ಎಂದು ಕೇಳಿದರು. ಬೇಡ ಆಂಟಿ ಎಂದೆ. ಆಮೇಲೆ ದಿನವಿಡೀ ಯಾಕೆ ಬೇಡ ಎಂದೆ ಎಂದು ಯೋಚಿಸುತ್ತಿದ್ದೆ. ನನಗೆ ಭಯವಿದ್ದದ್ದು ಅವನ ಕೈಯದ್ದಲ್ಲ, ನನ್ನ ಕೂಗಿನದ್ದು. ಅದನ್ನು ಯಾರ ಮುಂದೆ ಚಾಚಿ ತೋರಿಸಲಿ? ಇವತ್ತು ಸಂಜೆ ಆಂಟಿಯ ಹತ್ತಿರ ಹೋಗಿ, ಅವತ್ತು ನಾನು ಕೂಗದಿದ್ದರೆ ಏನಾಗುತ್ತಿತ್ತು ಎಂದು ಕೇಳಬೇಕೆಂದಿದ್ದೇನೆ. ಅವರ ಬಾಗಿಲವರೆಗೆ ಎರಡು ಸಲ ಹೋಗಿ ಬಂದೆ.