ಬೀಗರ ಪದಗಳ ಫೈಲು

ನನ್ನ ಮಗಳ ಮದುವೆಗೆ ಎಂಟು ದಿನ ಇರುವಾಗ ನಮ್ಮತ್ತೆ ಗುಬ್ಬಿಯ ನನ್ನ ಡಿಟಿಪಿ ಅಂಗಡಿಗೇ ಬಂದು ಕುಳಿತರು. ಗಂಡಿನ ಕಡೆಯವರು ಕುಣಿಗಲ್‌ನವರು. ಹುಡುಗನ ಅಜ್ಜಿ ಬೀಗರ ಪದ ಹಾಡುವುದರಲ್ಲಿ ಎತ್ತಿದ ಕೈ. ಬೀಗರ ಪದವೆಂದರೆ ಎದುರು ಕಡೆಯವರನ್ನು ಛತ್ರದಲ್ಲೇ ನಗುನಗುತ್ತಾ ಜರೆಯುವ ಹಾಡು. ಅವರೊಂದು ಹಾಡಿದರೆ ನಾವೊಂದು ಹಾಡಬೇಕು. ಅತ್ತೆಗೆ ಮೊದಲು ರಾಶಿ ರಾಶಿ ಬರುತ್ತಿದ್ದವು. ಈಗ ಒಂದು ಸಾಲು ನೆನಪಾದರೆ ಇನ್ನೊಂದು ಕೈಕೊಡುತ್ತಿತ್ತು.

"ಅವತ್ತು ನಿಂಗೆ ಎಲ್ಲಾ ಹೇಳಿ ಬರೆಸಿದ್ನಲ್ಲ, ತೆಗಿಯೇ. ಆ ಯಮ್ಮನ ಮುಂದೆ ಬಾಯ್ ಮುಚ್ಕೊಂಡ್ ಕೂತ್ರೆ ನನ್ ಮಾನ ಏನಾಯ್ತದೆ?"

ಬರೆಸಿದ್ದು ನಿಜ. ಹದಿನೈದು ವರ್ಷದ ಹಿಂದೆ, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅವರು ಹೇಳಿದ್ದನ್ನೆಲ್ಲ ಟೈಪ್ ಮಾಡಿದ್ದೆ. ಈಗ ಆ ಕಂಪ್ಯೂಟರೂ ಇಲ್ಲ, ಅದರ ಕನ್ನಡ ಫಾಂಟೂ ಇಲ್ಲ. ಈಗಿನ ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಆ ಫೈಲುಗಳಿದ್ದ ಹಳೆಯ ಪೆನ್‌ಡ್ರೈವ್ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚುಕ್ಕೆ, ಸೊನ್ನೆಗಳ ಚಿತ್ರಾನ್ನ. ಅದೂ ಇನ್ನೂರು ಫೈಲು! ನನ್ನ ಮೇಲೆ ನನಗೇ ಸಿಟ್ಟು ಬಂತು.

ಹುಡುಕಿದೆ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡ್‌ಗೆ ಬದಲಾಯಿಸುವ ಪುಟ್ಟ ಪ್ರೋಗ್ರಾಂ ಸಿಕ್ಕಿತು. ಯಾರೋ ಪುಣ್ಯಾತ್ಮರು ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದರು. ಒಂದು ಫೈಲಿನ ಮೇಲೆ ಓಡಿಸಿದೆ. ಒತ್ತಕ್ಷರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತವು! ಎಲ್ಲ ಫೈಲಿಗೂ ಹೀಗೇ ಮಾಡು ಎಂಬ ಆಜ್ಞೆಯನ್ನು ಟರ್ಮಿನಲ್ಲಿನ ಕರಿಪರದೆಯಲ್ಲಿ ಒಂದೇ ಸಾಲಿನಲ್ಲಿ ಹೊಡೆದು ಎಂಟರ್ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೂರೂ ಮುಗಿದಿದ್ದವು. ಆಮೇಲೆ ಗ್ರೆಪ್ ಎಂಬ ಹುಡುಕುವ ಆಜ್ಞೆಗೆ 'ಬೀಗ' ಎಂದಿರುವ ಸಾಲುಗಳನ್ನೆಲ್ಲ ತೋರಿಸು ಎಂದೆ. ಸಾಲುಗಳು ದಬದಬನೆ ಸುರಿದವು. ನಾನು ಒಂದು ಸಾಲು ಓದಿದರೆ ಸಾಕು, ಉಳಿದದ್ದನ್ನು ಅತ್ತೆ ತಾವೇ ಎತ್ತಿಕೊಂಡು ಹಾಡುತ್ತಿದ್ದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮದುವೆಗೆ ಎರಡು ದಿನ ಮುಂಚೆ ಹುಡುಗನ ತಂಗಿ ಫೋನ್ ಮಾಡಿದಳು. ನನ್ನ ಮಗಳೇ ಬಾಯಿ ಬಿಟ್ಟಿರಬೇಕು.

"ಆಂಟಿ, ನಿಮ್ಹತ್ರ ಪದಗಳ ಫೈಲ್ ಇದ್ಯಂತೆ. ನಮ್ಮಜ್ಜಿಗೂ ಬೇಕಂತೆ, ಕಳಿಸ್ತೀರಾ?"

ನಾನೇನು ಪೆದ್ದಿಯೇ? "ಇನ್ನೂ ಸರಿ ಹೋಗಿಲ್ಲ ಕಣಮ್ಮ" ಎಂದು ಸುಳ್ಳು ಹೇಳಿದೆ.

ತುಮಕೂರಿನ ಛತ್ರದಲ್ಲಿ ಪದಕ್ಕೆ ಪದ ಬಿತ್ತು. ನಾನು ಮೊಬೈಲ್ ನೋಡಿಕೊಂಡು ಅತ್ತೆಯ ಕಿವಿಯಲ್ಲಿ ಸಾಲು ಊದುತ್ತಿದ್ದೆ. ಆರನೆಯ ಪದದವರೆಗೂ ಆ ಅಜ್ಜಿ ಬಿಡಲಿಲ್ಲ. ಏಳನೆಯದಕ್ಕೆ ತಡವರಿಸಿದರು. ಎಂಟಕ್ಕೆ ಸೆರಗಿನಿಂದ ಬಾಯಿ ಒರೆಸಿಕೊಂಡು ಸುಮ್ಮನಾದರು. ಗೆದ್ದೆವು! ನಾನು ಕುಣಿಯುವುದೊಂದು ಬಾಕಿ. ಅತ್ತೆ ಮಾತ್ರ ನಗಲಿಲ್ಲ.

"ಅದ್ರಲ್ಲಿರೋದ್ನ ಆ ಯಮ್ಮಂಗೂ ಕೊಡೇ. ಎದುರ್ಗೆ ಹಾಡೋರೇ ಇಲ್ದಿದ್ರೆ ನಾನೊಬ್ಳೇ ಯಾರ್ ಜೊತೆ ಹಾಡ್ಲಿ?"

ನಾಚಿಕೆಯಾಯಿತು. ಅಲ್ಲೇ ನಿಂತು ಇನ್ನೂರು ಫೈಲುಗಳನ್ನೂ ಹುಡುಗನ ತಂಗಿಗೆ ಕಳಿಸಿದೆ. ಅವಳು ಅಜ್ಜಿಯ ಕಿವಿಯಲ್ಲಿ ಏನೋ ಓದಿದಳು, ಇನ್ನೇನೋ ಹೇಳಿದಳು. ಅಜ್ಜಿ ನಮ್ಮ ಪದವನ್ನೇ ತಿದ್ದಿಕೊಂಡು, ನನ್ನ ಕಡೆ ಕೈ ಮಾಡಿ ಎತ್ತಿದರು:

"ಹಾಡು ಬಚ್ಚಿಟ್ಟ ಬೀಗಿತ್ತಿ ಹೊಟ್ಟೆ ನೋಡ್ರವ್ವ ಹೆಂಗೈತೆ, ನುಂಗಿದ್ ಪದ ಅರಗ್ದಂಗೆ ಗುಡಾಣದಂಗೆ ಉಬ್ಬೈತೆ!"

ಛತ್ರವೆಲ್ಲ ಘೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮತ್ತೆ.