ಕುಡಿಯುವ ನೀರು ಕುಂಡಕ್ಕೆ

ಯಶವಂತಪುರದಲ್ಲಿ ನಮಗೆ ಬಾಡಿಗೆಗೆ ಮನೆ ಕೊಟ್ಟ ನಂಜಮ್ಮನವರು ಬೀಗದ ಕೈ ಕೊಡುವ ಮೊದಲು ನನ್ನ ಕೈಗೊಂದು ಗಿಡದ ಕುಂಡ ಕೊಟ್ಟರು. ಅದನ್ನು ಇಡಬೇಕಾದದ್ದು ಅಂಗಳದಲ್ಲಲ್ಲ, ಹಿತ್ತಿಲಲ್ಲಲ್ಲ; ಮನೆಯೊಳಗೆ, ನಡುಮನೆಯ ಕಿಟಕಿಯ ಪಕ್ಕ, ಒಂದು ಮಣೆಯ ಮೇಲೆ. ಬಿಜಾಪುರದಿಂದ ಎರಡು ಟ್ರಂಕು, ಒಂದು ಚೀಲ ಜೋಳ ಹೊತ್ತು ಬಂದಿದ್ದ ನಾನು ಬೆಪ್ಪಾಗಿ ನಿಂತೆ. ಹೂವಿಲ್ಲ, ಕಾಯಿಲ್ಲ, ಒಗ್ಗರಣೆಗೆ ಬರುವ ಎಲೆಯಲ್ಲ, ಪೂಜೆಗೂ ಸಲ್ಲದು. ಇಂಥದ್ದನ್ನು ಮನೆಯೊಳಗೆ ಕೂರಿಸಿಕೊಳ್ಳುವ ಊರಿನಲ್ಲಿ ನಾನು ಬಾಳಬೇಕಾಗಿತ್ತು.

ಅದು ಜರಿಗಿಡ. ನಮ್ಮ ಹಳೆಯ ಬಾವಿಗಳ ಒಳಗೋಡೆಯ ಸಂದಿಯಲ್ಲಿ ನೀವೂ ಅದರ ಬಳಗವನ್ನು ನೋಡಿರುತ್ತೀರಿ, ನೋಡಿ ಮರೆತಿರುತ್ತೀರಿ. ನಂಜಮ್ಮನವರ ಗಂಡ ಬಂಗಲೆಯೊಂದರಲ್ಲಿ ಮಾಲಿಯಾಗಿದ್ದರಂತೆ. ಅಲ್ಲಿಂದ ಒಂದು ಬೇರು ತಂದು ಇದನ್ನು ಬೆಳೆಸಿ, ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಈಗ ನಂಜಮ್ಮ ಮಗಳ ಬಾಣಂತನಕ್ಕೆ ರಾಜಾನುಕುಂಟೆಗೆ ಹೊರಟಿದ್ದರು. ಗಿಡ ನೋಡಿಕೊಳ್ಳುವ ಒಬ್ಬ ಹೆಂಗಸು ಮನೆಯಲ್ಲಿರಲಿ ಎಂದೇ ನಮಗೆ ಮನೆ ಕೊಟ್ಟದ್ದು. ನನ್ನ ಯಜಮಾನರಿಗೆ ರೈಲ್ವೆಯಲ್ಲಿ ಗುಮಾಸ್ತಿಕೆ, ವರ್ಗವಾಗಿ ಬಂದಿದ್ದೆವು. ಮೂರು ಕಡೆ ನಮ್ಮ ಮಾತಿನ ಧಾಟಿ ಕೇಳಿಯೇ ಮನೆ ಇಲ್ಲವೆಂದಿದ್ದರು. ಹಾಗಾಗಿ ನಂಜಮ್ಮ ಗಿಡದ ಬದಲು ಹುಲಿಯನ್ನೇ ಸಾಕಬೇಕೆಂದಿದ್ದರೂ ನಾನು ಒಪ್ಪುತ್ತಿದ್ದೆ.

ನೀರಿನ ವಿಷಯದಲ್ಲಿ ಈ ಊರು ಶ್ರೀಮಂತ. ಹಿತ್ತಿಲ ಬಾವಿಯಲ್ಲಿ ನಾಲ್ಕು ಮಾರು ಹಗ್ಗ ಬಿಟ್ಟರೆ ಸಿಹಿನೀರು. ನಮ್ಮಲ್ಲಿ ಸವಳು ನೀರಿನ ಬಾವಿಗಳನ್ನು ದಾಟಿಕೊಂಡು ಹೋಗಿ ಅವ್ವ ಕುಡಿಯುವ ನೀರು ಹೊತ್ತು ತರುತ್ತಿದ್ದಳು. ಒಮ್ಮೆ ಬಳಸಿದ ನೀರನ್ನು ಅವಳು ಸುಮ್ಮನೆ ನೆಲಕ್ಕೆ ಬಿಟ್ಟವಳಲ್ಲ. ಅಕ್ಕಿ ತೊಳೆದದ್ದು ಎಮ್ಮೆಗೆ, ಪಾತ್ರೆ ತೊಳೆದದ್ದು ಕರಿಬೇವಿಗೆ. ತುಳಸಿಗೆ ಮಾತ್ರ ಚೊಕ್ಕ ನೀರು, ಅದೂ ಒಂದೇ ತಂಬಿಗೆ. ಆ ಕರಿಬೇವು ಮಾಳಿಗೆಯೆತ್ತರ ಬೆಳೆದಿದೆ. ನಾನು ಕಲಿತ ತೋಟಗಾರಿಕೆ ಅಷ್ಟೇ.

ಆದ್ದರಿಂದ ಜರಿಗಿಡಕ್ಕೆ ನಾನು ದಿನವೂ ಮುಸುರೆ ತೊಳೆದ ನೀರು ಹಾಕಿದೆ. ಬಾವಿ ತುಂಬಾ ನೀರಿದ್ದರೂ ಕುಡಿಯುವ ನೀರನ್ನು ಮಣ್ಣಿಗೆ ಸುರಿಯಲು ಕೈ ಬರಲಿಲ್ಲ. ಪಾತ್ರೆ ಉಜ್ಜಿದ ಬೂದಿ, ಸಾರಿನ ಉಪ್ಪು ಎಲ್ಲವೂ ಕುಂಡಕ್ಕೆ ಇಳಿದವು. ಹದಿನೈದು ದಿನಕ್ಕೆ ಎಲೆಯ ಅಂಚು ಕಂದಿತು. ಗೊಬ್ಬರ ಸಾಲದೆಂದುಕೊಂಡು ಇನ್ನಷ್ಟು ಹಾಕಿದೆ. ನಂಜಮ್ಮ ಒಂದು ಮಧ್ಯಾಹ್ನ ಬಟ್ಟೆಬರೆ ಒಯ್ಯಲು ಬಂದಾಗ ಗಿಡ ಹಳೆಯ ಪೊರಕೆಯಾಗಿತ್ತು.

ಅವರು ಕುಂಡದ ಮಣ್ಣನ್ನು ಚಿವುಟಿ ಮೂಸಿದರು. "ಇದಕ್ಕೆ ಏನಮ್ಮ ಉಯ್ತಿದ್ದೀರ?" ಎಂದರು. ಇಲ್ಲಿನ ಹಳ್ಳಿಯವರ ಬಾಯಲ್ಲಿ ನೀರು ಹಾಕುವುದೆಂದರೆ ಉಯ್ಯುವುದು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚಿವುಟಿದ ಮಣ್ಣನ್ನು ಕುಂಡಕ್ಕೇ ಉದುರಿಸಿ, "ನಮ್ಮನೇರು ಬೆಳಗ್ಗೆ ಎದ್ದು ಇದಕ್ಕೆ ಉಯ್ದು, ಆಮ್ಯಾಕೆ ತಾವು ನೀರು ಕುಡಿಯೋರು ಕಣಮ್ಮ. ನೀವು ಎಂಜ್ಲು ನೀರು ಉಯ್ದ್ರಲ್ಲ" ಎಂದರು. ಬಾಗಿಲವರೆಗೆ ಹೋಗಿ ತಿರುಗಿ ನಿಂತರು. "ಬಾಣಂತನ ಮುಗುಸ್ಕೊಂಡು ಬರೋ ಒತ್ತಿಗೆ ಇದು ಚಿಗುರ್ನಿಲ್ಲ ಅಂದ್ರೆ, ನೀವು ಬೇರೆ ಮನೆ ನೋಡ್ಕೊಳ್ಳಿ."

ನನಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಹಟ ಬಂತು. ಸತ್ತ ಎಲೆಗಳನ್ನು ಬುಡಕ್ಕೆ ಕತ್ತರಿಸಿದೆ. ಬೂದಿ ಕುಡಿದ ಮಣ್ಣನ್ನು ಚೆಲ್ಲಿ ಬೇರನ್ನು ಬಾವಿಯ ನೀರಿನಲ್ಲಿ ತೊಳೆದೆ, ಕೂಸಿನ ತಲೆ ತೊಳೆದ ಹಾಗೆ. ಮಣ್ಣು ಚೆಲ್ಲುವಾಗ ಕಂಡಿದ್ದ ಕ್ರಮದಲ್ಲೇ ಕುಂಡದ ತೂತಿಗೆ ಹೆಂಚಿನ ಚೂರು, ಅದರ ಮೇಲೆ ಇದ್ದಿಲು, ಆಮೇಲೆ ಹೊಂಗೆ ಮರದ ಕೆಳಗಿನ ಕೊಳೆತ ಎಲೆಯ ಮಣ್ಣು. ಬಿಸಿಲು ನೇರವಾಗಿ ಬೀಳದಂತೆ ಮಣೆಯನ್ನು ಕಿಟಕಿಯಿಂದ ಒಂದು ಮೊಳ ಒಳಗೆ ಎಳೆದೆ. ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ಒಂದು ಚೊಂಬು ಚೊಕ್ಕ ನೀರು. ನಮ್ಮ ತಂಬಿಗೆಯೇ ಇಲ್ಲಿ ಚೊಂಬು. ಮೊದಲ ದಿನ ಅದನ್ನು ಸುರಿಯುವಾಗ ಕಳ್ಳತನ ಮಾಡಿದಂತೆ ಅತ್ತಿತ್ತ ನೋಡಿದ್ದು ನಿಜ.

ಆರನೆಯ ವಾರ ಬುಡದಲ್ಲಿ ಕೂಸಿನ ಮುಷ್ಟಿಯಂಥ ಸುರುಳಿಯೊಂದು ಎದ್ದಿತು. ರಾಗಿಮುದ್ದೆ ನುಂಗಲು ಕಲಿತ ದಿನಕ್ಕಿಂತಲೂ ಅಂದು ನನಗೆ ಹೆಮ್ಮೆಯೆನಿಸಿತು. ನಂಜಮ್ಮ ಮೊಮ್ಮಗುವನ್ನೆತ್ತಿಕೊಂಡು ಬಂದಾಗ ಐದು ಎಲೆ ಬಿಚ್ಚಿಕೊಂಡಿದ್ದವು. ಅವರು ಗಿಡದ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಮನೆ ಬಿಡುವ ಮಾತು ಮತ್ತೆ ಬರಲಿಲ್ಲ, ಗಿಡವೂ ನನ್ನ ಬಳಿಯೇ ಉಳಿಯಿತು. ಹಿಂದೆ ನಿಂತಿದ್ದ ಮಗಳಿಗೆ, "ಈವಮ್ಮ ಬಿಜಾಪುರದೋರು. ಕೈಗುಣ ಚೆನ್ನಾಗೈತೆ" ಎಂದರು. ವರ್ಷ ಕಳೆಯುವುದರೊಳಗೆ ಬೀದಿಯ ನಾಲ್ಕು ಮನೆಯವರು ಬಾಡಿದ ಕುಂಡಗಳನ್ನು ನನ್ನ ಬಾಗಿಲಿಗೆ ತಂದರು. ಒಂದನ್ನೂ ಸಾಯಲು ಬಿಟ್ಟಿಲ್ಲ. ಆದರೂ ಅವರೆಲ್ಲರಿಗೂ ನಾನು ಇಂದಿಗೂ ಬಿಜಾಪುರದೋರು.

ಕಳೆದ ಬೇಸಿಗೆಯಲ್ಲಿ ತವರಿಗೆ ಹೋದೆ. ಬೆಳಗ್ಗೆ ಎದ್ದವಳು ಅಭ್ಯಾಸಬಲದಿಂದ ಅಡುಗೆಮನೆಯ ಕೊಡದಿಂದ ಒಂದು ತಂಬಿಗೆ ನೀರು ತುಂಬಿಕೊಂಡು ಹೋಗಿ ಕರಿಬೇವಿನ ಬುಡಕ್ಕೆ ಸುರಿದುಬಿಟ್ಟೆ. ತಿರುಗಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಳು. ಮಂಡಿನೋವಿನ ಕಾಲೆಳೆದುಕೊಂಡು ನಸುಕಿನಲ್ಲಿ ಅವಳೇ ಹೊತ್ತು ತಂದ ನೀರು ಅದು. ನೆಲ ಬಿರುಕುಬಿಟ್ಟ ಕಡೆಯೆಲ್ಲ ಅದನ್ನು ಕುಡಿದು ಮುಗಿಸಿತ್ತು.

"ಕೈ ಆ ಊರಿಂದು ಆತಲ್ಲವ್ವಾ ನಿಂದು" ಎಂದಳು ಅವ್ವ. ಸಿಟ್ಟು ಮಾಡಲಿಲ್ಲ. ಖಾಲಿ ತಂಬಿಗೆಯನ್ನು ನನ್ನ ಕೈಯಿಂದ ಇಸಿದುಕೊಂಡು ಒಳಗೆ ಹೋದಳು. ಅಷ್ಟು ನಾಚಿಕೆ ನನಗೆ ನಂಜಮ್ಮನ ಎದುರಿಗೂ ಆಗಿರಲಿಲ್ಲ.

ಯಶವಂತಪುರಕ್ಕೆ ಮರಳಿದ್ದೇನೆ. ಜರಿಗಿಡದ ಎಲೆಗಳೀಗ ಕಿಟಕಿಯ ಸರಳು ಮುಟ್ಟಿವೆ. ದಿನವೂ ಬೆಳಗ್ಗೆ ನಾನು ಕುಡಿಯುವ ಮೊದಲು ಅದರ ಮಣ್ಣು ಮುಟ್ಟಿ ನೋಡುತ್ತೇನೆ. ಚೊಂಬು ಬಾಗಿಸುವ ಹೊತ್ತಿಗೆ ಅವ್ವನ ಕೊಡ ನೆನಪಾಗಿ ಕೈ ನಿಲ್ಲುತ್ತದೆ. ಆಮೇಲೆ ಉಯ್ಯುತ್ತೇನೆ.